ಶಾಲೆ ಬಿಟ್ಟ ಹೊತ್ತಿನ ರಾಕ್

1950ರ ದಶಕದ ಅಮೆರಿಕದಲ್ಲಿ ಹದಿಹರೆಯದ ಮಕ್ಕಳು ರಾಕ್ ಅಂಡ್ ರೋಲ್ ಸಂಗೀತವನ್ನು ಮೊದಲು ಕೇಳಿದ್ದು ರೇಡಿಯೊದಲ್ಲಿ. ಕಣ್ಣಾರೆ ಕಂಡದ್ದು ಹೆಚ್ಚಾಗಿ ತಂತಮ್ಮ ಊರಿನ ಟಿ.ವಿ. ಕೇಂದ್ರದಲ್ಲಿ. 1956ರ ಸೆಪ್ಟೆಂಬರ್ 9ರಂದು ಎಲ್ವಿಸ್ ಪ್ರೀಸ್ಲಿ ಎಡ್ ಸಲಿವನ್ ಶೋನಲ್ಲಿ ಹಾಡಿದ್ದನ್ನೂ 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಅದೇ ಕಾರ್ಯಕ್ರಮಕ್ಕೆ ಬಂದದ್ದನ್ನೂ ಸಂಗೀತ ಚರಿತ್ರೆಯ ಪುಸ್ತಕಗಳೆಲ್ಲ ದಾಖಲಿಸಿವೆ. ಮೊದಲನೆಯದನ್ನು ಸುಮಾರು 6 ಕೋಟಿ, ಎರಡನೆಯದನ್ನು 7.3 ಕೋಟಿ ಜನ ನೋಡಿದರು. ಆದರೆ ಅವು ಭಾನುವಾರ ರಾತ್ರಿ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ರಾಷ್ಟ್ರೀಯ ಕಾರ್ಯಕ್ರಮಗಳು. ರಾಕ್ ಅಲ್ಲಿಗೆ ಅಪರೂಪದ ನೆಂಟ. ವಾರದ ಐದಾರು ದಿನ, ಮಕ್ಕಳು ಶಾಲೆಯಿಂದ ಬಂದು ಪುಸ್ತಕ ಇಡುವ ಹೊತ್ತಿಗೆ ಸರಿಯಾಗಿ ಆ ಸಂಗೀತವನ್ನು ನಡುಮನೆಗೆ ತಂದದ್ದು ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ವಿಲ್ಮಿಂಗ್ಟನ್‌ನಂಥ ಊರುಗಳ ಸ್ಥಳೀಯ ಕೇಂದ್ರಗಳು. ಆ ತಲೆಮಾರಿನವರು ಇಂದಿಗೂ ಹೇಳಿಕೊಳ್ಳುವ ನೆನಪುಗಳಲ್ಲಿ ದೊಡ್ಡ ತಾರೆಯರ ಜೊತೆಜೊತೆಗೇ ಊರಿನ ನಿರೂಪಕರು, ಪಕ್ಕದ ಬೀದಿಯ ನರ್ತಕರು ಬರುವುದು ಈ ಕಾರಣಕ್ಕೆ.

ಖಾಲಿ ಬಿದ್ದಿದ್ದ ಮಧ್ಯಾಹ್ನ

ದೇಶಕ್ಕೆಲ್ಲ ಒಂದೇ ದೂರದರ್ಶನವಿದ್ದ ಕಾಲವನ್ನು ಕಂಡ ಕನ್ನಡಿಗರಿಗೆ ಅಮೆರಿಕದ ಏರ್ಪಾಡು ಬೇರೆಯಾಗಿ ಕಾಣುತ್ತದೆ. ಅಲ್ಲಿ ಟಿ.ವಿ. ಮೊದಲಿನಿಂದಲೂ ಖಾಸಗಿಯವರ ಕೈಯಲ್ಲಿತ್ತು. ಒಂದೊಂದು ನಗರದಲ್ಲಿ ಒಂದೆರಡು, ದೊಡ್ಡ ನಗರವಾದರೆ ಮೂರು ನಾಲ್ಕು ಕೇಂದ್ರಗಳು. ಅವುಗಳಲ್ಲಿ ಬಹುಪಾಲು ಎನ್‌ಬಿಸಿ, ಸಿಬಿಎಸ್ ಅಥವಾ ಎಬಿಸಿ ಎಂಬ ರಾಷ್ಟ್ರೀಯ ಜಾಲಕ್ಕೆ ಸೇರಿ, ರಾತ್ರಿಯ ಕಾರ್ಯಕ್ರಮಗಳನ್ನು ಅಲ್ಲಿಂದ ಪಡೆಯುತ್ತಿದ್ದವು. ಉಳಿದ ಹೊತ್ತನ್ನು ತಾವೇ ತುಂಬಿಕೊಳ್ಳಬೇಕಿತ್ತು.

1948ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಸಂಪರ್ಕ ಆಯೋಗ ಹೊಸ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಕೇಂದ್ರಗಳ ಅಲೆಗಳು ಒಂದಕ್ಕೊಂದು ಅಡ್ಡ ಬರುತ್ತಿದ್ದುದು ಅದಕ್ಕೆ ಕಾರಣ. ಆಗ ಅನುಮತಿ ಸಿಕ್ಕಿದ್ದ ನೂರೆಂಟು ಕೇಂದ್ರಗಳಷ್ಟೇ ಮುಂದಿನ ಮೂರೂವರೆ ವರ್ಷ ದೇಶಕ್ಕೆಲ್ಲ ಸಾಕಾಗಬೇಕಾಯಿತು. 1952ರ ಏಪ್ರಿಲ್‌ನಲ್ಲಿ ತಡೆ ತೆರವಾದದ್ದೇ ತಡ, ಊರೂರಲ್ಲಿ ಹೊಸ ಗೋಪುರಗಳು ಎದ್ದವು. 1950ರಲ್ಲಿ ನೂರಕ್ಕೆ ಒಂಬತ್ತು ಮನೆಗಳಲ್ಲಿ ಮಾತ್ರ ಇದ್ದ ಟಿ.ವಿ. 1960ರ ವೇಳೆಗೆ ನೂರರಲ್ಲಿ ಸುಮಾರು 87 ಮನೆಗಳನ್ನು ಹೊಕ್ಕಿತ್ತು.

ಈ ಕೇಂದ್ರಗಳಿಗೆ ಮಧ್ಯಾಹ್ನದ ಹೊತ್ತು ದೊಡ್ಡ ತಲೆನೋವು. ಗಂಡಸರು ಕೆಲಸದಲ್ಲಿ, ಹೆಂಗಸರು ಮನೆವಾರ್ತೆಯಲ್ಲಿ. ಜಾಲಗಳಲ್ಲೆಲ್ಲ ಬಡಪಾಯಿಯಾಗಿದ್ದ ಎಬಿಸಿ ಹಗಲಿಗೆಂದು ಕಳಿಸುತ್ತಿದ್ದದ್ದು ತೀರ ಕಡಿಮೆ. ಹಳೆಯ ಸಿನಿಮಾಗಳನ್ನು ಎಷ್ಟು ಬಾರಿ ಹಾಕಿದರೂ ನೋಡುವವರು ಹೆಚ್ಚುತ್ತಿರಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಕಡೆ ರೇಡಿಯೊ ಬದಲಾಗುತ್ತಿತ್ತು. ನಾಟಕ, ಹಾಸ್ಯಗಳೆಲ್ಲ ಟಿ.ವಿ.ಗೆ ವಲಸೆ ಹೋದ ಮೇಲೆ ರೇಡಿಯೊಗೆ ಉಳಿದದ್ದು ರೆಕಾರ್ಡು ಹಾಕುವ ಕೆಲಸ. ರೆಕಾರ್ಡು ಹಾಕುತ್ತ ಹರಟುವ ಡಿಸ್ಕ್ ಜಾಕಿಗಳು ಊರಿನ ತಾರೆಗಳಾದರು. 1949ರಲ್ಲಿ ಆರ್‌ಸಿಎ ಕಂಪನಿ ತಂದಿದ್ದ, ನಿಮಿಷಕ್ಕೆ 45 ಸುತ್ತಿನ ಸಣ್ಣ ರೆಕಾರ್ಡು ಅಗ್ಗವಾಗಿತ್ತು, ಹುಡುಗರ ಜೇಬಿಗೆ ಹೊಂದುತ್ತಿತ್ತು.

ಡಿಸ್ಕ್ ಜಾಕಿಯನ್ನು ಸ್ಟುಡಿಯೊಗೆ ಕರೆತಂದು, ರೆಕಾರ್ಡು ಹಾಕಿಸಿ, ಹತ್ತಿರದ ಶಾಲೆಯ ಮಕ್ಕಳನ್ನು ಕುಣಿಸಿದರೆ ಒಂದು ಕಾರ್ಯಕ್ರಮ ಸಿದ್ಧ. ರೆಕಾರ್ಡುಗಳನ್ನು ಕಂಪನಿಗಳು ಪುಕ್ಕಟೆಯಾಗಿ ಕಳಿಸುತ್ತಿದ್ದವು. ಕುಣಿಯುವ ಮಕ್ಕಳಿಗೆ ಸಂಬಳವಿಲ್ಲ. ಮೊಡವೆಯ ಮುಲಾಮು, ಚ್ಯೂಯಿಂಗ್ ಗಮ್, ತಂಪು ಪಾನೀಯದ ಜಾಹೀರಾತುದಾರರು ಇಂಥ ಪ್ರೇಕ್ಷಕರಿಗಾಗಿಯೇ ಕಾದಿದ್ದರು. ಹೀಗೆ ಯಾರೂ ದೊಡ್ಡ ಯೋಜನೆ ಹಾಕದೆ, ಖರ್ಚು ಉಳಿಸುವ ಲೆಕ್ಕಾಚಾರದಿಂದಲೇ ರಾಕ್ ಟಿ.ವಿ.ಯೊಳಗೆ ಕಾಲಿಟ್ಟಿತು.

ಮಾರ್ಕೆಟ್ ಸ್ಟ್ರೀಟಿನ ಸ್ಟುಡಿಯೊ

ಈ ಮಾದರಿಗೆ ಹೆಸರು ತಂದದ್ದು ಫಿಲಡೆಲ್ಫಿಯಾದ ಡಬ್ಲ್ಯುಎಫ್‌ಐಎಲ್ ಕೇಂದ್ರದ ‘ಬ್ಯಾಂಡ್‌ಸ್ಟ್ಯಾಂಡ್’. ರೇಡಿಯೊದಲ್ಲಿ ಈ ಹೆಸರಿನ ಕಾರ್ಯಕ್ರಮ ನಡೆಸುತ್ತಿದ್ದ ಬಾಬ್ ಹಾರ್ನ್ 1952ರಲ್ಲಿ ಅದನ್ನು ಟಿ.ವಿ.ಗೆ ತಂದರು. ಮೊದಮೊದಲು ಗಾಯಕರ ಕಿರುಚಿತ್ರಗಳನ್ನು ತೋರಿಸಿ, ನಡುನಡುವೆ ಅವರು ಮಾತನಾಡುತ್ತಿದ್ದರು. ಅದು ಕಚ್ಚಿಕೊಳ್ಳಲಿಲ್ಲ. ಕೆಲವೇ ವಾರಗಳಲ್ಲಿ ಕಿರುಚಿತ್ರಗಳನ್ನು ಕೈಬಿಟ್ಟು, ರೆಕಾರ್ಡು ಹಾಕಿ ಮಕ್ಕಳನ್ನು ಕುಣಿಸುವ ರೂಪಕ್ಕೆ ಬದಲಾಯಿಸಿದರು. ಸ್ಟುಡಿಯೊ ಇದ್ದದ್ದು ಪಶ್ಚಿಮ ಫಿಲಡೆಲ್ಫಿಯಾದ 46ನೇ ಬೀದಿ ಮತ್ತು ಮಾರ್ಕೆಟ್ ಸ್ಟ್ರೀಟ್ ಕೂಡುವಲ್ಲಿ. ಸುತ್ತಮುತ್ತ ಹಲವು ಪ್ರೌಢಶಾಲೆಗಳು. ಕೊನೆಯ ಗಂಟೆ ಹೊಡೆದೊಡನೆ ಮಕ್ಕಳು ಸ್ಟುಡಿಯೊ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು.

ಒಳಗೆ ಹೋಗಲು ಶಿಸ್ತು ಬೇಕಿತ್ತು. ಹುಡುಗರಿಗೆ ಕೋಟು, ಟೈ. ಹುಡುಗಿಯರಿಗೆ ಲಂಗ ಅಥವಾ ನಿಲುವಂಗಿ. ದಿನವೂ ಬಂದು ಕುಣಿಯುವ ಕೆಲವರನ್ನು ಸಮಿತಿಯ ಸದಸ್ಯರೆಂದು ಗುರುತಿಸಲಾಗುತ್ತಿತ್ತು. ಅವರ ಕೇಶವಿನ್ಯಾಸ, ಜಗಳ, ರಾಜಿಗಳನ್ನು ಮನೆಯಲ್ಲಿ ಕೂತ ಮಕ್ಕಳು ಧಾರಾವಾಹಿಯಂತೆ ಹಿಂಬಾಲಿಸುತ್ತಿದ್ದರು. ಹೊಸ ರೆಕಾರ್ಡುಗಳಿಗೆ ಮಕ್ಕಳೇ ಅಂಕ ಕೊಡುವ ಅಂಗವೂ ಇತ್ತು. ಕನಿಷ್ಠ 35, ಗರಿಷ್ಠ 98. ಹಾಡಿನ ಬಗ್ಗೆ ತೀರ್ಪು ಕೊಡುವ ಹಕ್ಕನ್ನು ಹದಿನಾಲ್ಕು ಹದಿನೈದರ ಮಕ್ಕಳ ಕೈಗೆ ಇತ್ತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅಲ್ಲಿಯತನಕ ಸಂಗೀತದಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುತ್ತಿದ್ದವರೆಲ್ಲ ದೊಡ್ಡವರು.

1956ರ ಜುಲೈ 9ರಂದು ಹಾರ್ನ್ ಅವರ ಜಾಗಕ್ಕೆ ಡಿಕ್ ಕ್ಲಾರ್ಕ್ ಬಂದರು. 1957ರ ಆಗಸ್ಟ್ 5ರಂದು ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಹೆಸರಿನಲ್ಲಿ ಎಬಿಸಿ ಜಾಲದ 67 ಕೇಂದ್ರಗಳು ಇದನ್ನು ಪ್ರಸಾರ ಮಾಡತೊಡಗಿದವು. ಒಂದು ಊರಿನ ಕಾರ್ಯಕ್ರಮ ಇಡೀ ದೇಶದ್ದಾಯಿತು. ಅದರ ಲಾಭ ಮೊದಲು ದಕ್ಕಿದ್ದು ಅದೇ ಊರಿನ ಗಾಯಕರಿಗೆ. ಡ್ಯಾನಿ ಅಂಡ್ ದಿ ಜೂನಿಯರ್ಸ್ ಎಂಬ ಸ್ಥಳೀಯ ತಂಡ ‘ಬಾಪ್’ ಎಂಬ ಕುಣಿತದ ಮೇಲೆ ಹಾಡು ಕಟ್ಟಿತ್ತು. ಆ ಕುಣಿತ ಹಳತಾಗುತ್ತಿದೆ, ಸಾಲು ಬದಲಿಸಿ ಎಂದು ಕ್ಲಾರ್ಕ್ ಸಲಹೆ ಕೊಟ್ಟರು. ಹಾಡು ‘ಅಟ್ ದಿ ಹಾಪ್’ ಆಯಿತು. 1958ರ ಜನವರಿಯಲ್ಲಿ ದೇಶದ ಮೊದಲ ಸ್ಥಾನಕ್ಕೇರಿತು. ಫ್ರಾಂಕಿ ಅವಲಾನ್, ಫೇಬಿಯನ್, ಬಾಬಿ ರೈಡೆಲ್ ಮೂವರೂ ದಕ್ಷಿಣ ಫಿಲಡೆಲ್ಫಿಯಾದ ಹುಡುಗರೇ. ಹ್ಯಾಂಕ್ ಬ್ಯಾಲರ್ಡ್ ಬರೆದು ಹಾಡಿದ್ದ ‘ದಿ ಟ್ವಿಸ್ಟ್’ ಹಾಡನ್ನು ಅದೇ ಊರಿನ ಚಬ್ಬಿ ಚೆಕರ್ ಮತ್ತೆ ಹಾಡಿ, 1960ರ ಆಗಸ್ಟ್‌ನಲ್ಲಿ ಕ್ಲಾರ್ಕ್ ಅವರ ಶನಿವಾರದ ಕಾರ್ಯಕ್ರಮದಲ್ಲಿ ಕುಣಿದು ತೋರಿಸಿದರು. ಮುಂದಿನ ತಿಂಗಳು ಅದು ಮೊದಲ ಸ್ಥಾನದಲ್ಲಿತ್ತು. ದೇಶಕ್ಕೆ ದೇಶವೇ ಸೊಂಟ ತಿರುಗಿಸಿತು.

ಪರದೆ ಕಲಿಸಿದ್ದು

ಆ ಕಾಲದ ಟಿ.ವಿ. ಸಂಗೀತ ಕೇಳಲು ಹೇಳಿಮಾಡಿಸಿದ ಯಂತ್ರವಾಗಿರಲಿಲ್ಲ. ಚಿತ್ರ ಕಪ್ಪುಬಿಳುಪು; ಸ್ಪೀಕರ್ ಅಂಗೈಯಗಲ. ಬಾಸ್ ಗಿಟಾರಿನ ಮಂದ್ರ ನಾದ ಅದರಲ್ಲಿ ಬಹುತೇಕ ಅಳಿಸಿಹೋಗುತ್ತಿತ್ತು. ಗಾಯಕರು ನಿಜವಾಗಿ ಹಾಡುತ್ತಿದ್ದದ್ದೂ ಕಡಿಮೆ. ಸ್ಟುಡಿಯೊದಲ್ಲಿ ವಾದ್ಯಗಳಿಗೆಲ್ಲ ಮೈಕ್ ಇಟ್ಟು ಶಬ್ದ ಹೊಂದಿಸುವ ಅನುಕೂಲವಾಗಲಿ ದುಡ್ಡಾಗಲಿ ಸ್ಥಳೀಯ ಕೇಂದ್ರಗಳಿಗೆ ಇರಲಿಲ್ಲ. ಆದ್ದರಿಂದ ರೆಕಾರ್ಡು ಹಾಕಿ, ಗಾಯಕರು ಅದಕ್ಕೆ ತುಟಿಯಾಡಿಸುವ ಪದ್ಧತಿ ಬಂತು. ಎಲೆಕ್ಟ್ರಿಕ್ ಗಿಟಾರಿಗೆ ವೈರನ್ನೇ ಸಿಕ್ಕಿಸಿರುತ್ತಿರಲಿಲ್ಲ. ಜನಕ್ಕೂ ಅದರಿಂದ ಬೇಸರವಾಗಲಿಲ್ಲ. ಅಂಗಡಿಯಲ್ಲಿ ಕೊಂಡ ರೆಕಾರ್ಡಿನ ಶಬ್ದವೇ ತೆರೆಯಲ್ಲೂ ಬರಲಿ ಎಂಬುದು ಅವರ ಆಸೆ.

ಹಾಗಾದರೆ ಟಿ.ವಿ. ಕೊಟ್ಟದ್ದೇನು? ಮೊದಲನೆಯದಾಗಿ ಮುಖ. ರೇಡಿಯೊದಲ್ಲಿ ಬರೀ ದನಿಯಾಗಿದ್ದವರು ಬಿಳಿಯರೋ ಕಪ್ಪುವರ್ಣೀಯರೋ, ಹುಡುಗರೋ ನಡುವಯಸ್ಕರೋ ಎಂಬುದು ಈಗ ಕಣ್ಣಿಗೆ ಬಿತ್ತು. ಎರಡನೆಯದಾಗಿ ಕೈ. ಗಿಟಾರನ್ನು ಎಷ್ಟು ಕೆಳಗೆ ನೇತುಹಾಕಬೇಕು, ಎಡಗೈ ಬೆರಳುಗಳು ಎಲ್ಲಿ ಕೂರುತ್ತವೆ, ಡ್ರಮ್ ಕೋಲನ್ನು ಹೇಗೆ ಹಿಡಿಯುತ್ತಾರೆ ಎಂದು ಪಾಠ ಹೇಳುವವರಿಲ್ಲದ ಊರುಗಳ ಹುಡುಗರು ತೆರೆಯ ಹತ್ತಿರ ಮೂಗು ತಂದು ನೋಡಿದರು. ಮೂರನೆಯದು ಕಾಲು. ಹೊಸ ಕುಣಿತವೊಂದು ಸೋಮವಾರ ತೆರೆಗೆ ಬಂದರೆ ಶುಕ್ರವಾರದ ಶಾಲಾ ಕೂಟದಲ್ಲಿ ಎಲ್ಲರಿಗೂ ಬರುತ್ತಿತ್ತು. ಸೋದರಿಯರು ಒಬ್ಬರನ್ನೊಬ್ಬರು ಜೋಡಿ ಮಾಡಿಕೊಂಡು, ಜೋಡಿ ಸಿಗದವರು ಬಾಗಿಲ ಹಿಡಿಯನ್ನೇ ಹಿಡಿದು ಅಭ್ಯಾಸ ಮಾಡುತ್ತಿದ್ದರು.

ಸ್ಥಳೀಯ ಕಾರ್ಯಕ್ರಮಗಳು ಸಂಗೀತವನ್ನು ಹರಡಿದ್ದಷ್ಟೇ ಅಲ್ಲದೆ ಹುಟ್ಟಿಸಿದ್ದೂ ಉಂಟು. ವಾಷಿಂಗ್ಟನ್‌ನ ಡಬ್ಲ್ಯುಟಿಟಿಜಿ ಕೇಂದ್ರದಲ್ಲಿ 1956ರಿಂದ 1961ರವರೆಗೆ ಮಿಲ್ಟ್ ಗ್ರಾಂಟ್ ನೃತ್ಯ ಕಾರ್ಯಕ್ರಮ ನಡೆಸುತ್ತಿದ್ದರು. ಗಿಟಾರ್ ವಾದಕ ಲಿಂಕ್ ರೇ ಅವರ ತಂಡ ಅದರ ಕಾಯಂ ವಾದ್ಯಮೇಳ. ಗ್ರಾಂಟ್ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಏರ್ಪಡಿಸಿದ್ದ ಒಂದು ನೃತ್ಯಕೂಟದಲ್ಲಿ ‘ಸ್ಟ್ರೋಲ್’ ಕುಣಿತಕ್ಕೆ ಹೊಂದುವ ಏನಾದರೂ ನುಡಿಸಿ ಎಂಬ ಬೇಡಿಕೆ ಬಂತು. ರೇ ಅಲ್ಲೇ ಒಂದು ನಿಧಾನಗತಿಯ, ಒರಟು ಸ್ವರಮೇಳ ಹೊಸೆದರು. ಕೂಟದಲ್ಲಿ ಬಂದ ಆ ಗೊರಗೊರ ದನಿ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಬಾರದಾದಾಗ ಆಂಪ್ಲಿಫೈಯರ್‌ನ ಸ್ಪೀಕರ್ ಹಾಳೆಗೆ ಪೆನ್ಸಿಲ್‌ನಿಂದ ತೂತು ಹೊಡೆದರು. ಹಾಗೆ ಹುಟ್ಟಿದ ‘ರಂಬಲ್’ 1958ರಲ್ಲಿ ಹೊರಬಂತು. ಒಂದೇ ಒಂದು ಪದವಿಲ್ಲದ ಈ ವಾದ್ಯಸಂಗೀತವನ್ನೂ ಹೊಡೆದಾಟಕ್ಕೆ ಪ್ರಚೋದನೆ ಎಂಬ ಭಯದಿಂದ ಕೆಲವು ರೇಡಿಯೊ ಕೇಂದ್ರಗಳು ನಿಷೇಧಿಸಿದವು. ಮುಂದಿನ ದಶಕಗಳ ರಾಕ್‌ಗೆ ಅಡಿಪಾಯವಾದ ಒಡಕು ಗಿಟಾರ್ ದನಿಯ ಮೂಲಗಳಲ್ಲಿ ಅದೂ ಒಂದು.

ಬಾಗಿಲ ಹೊರಗೆ ನಿಂತವರು

ರಾಕ್ ಅಂಡ್ ರೋಲ್‌ನ ಬೇರು ಕಪ್ಪುವರ್ಣೀಯರ ರಿದಮ್ ಅಂಡ್ ಬ್ಲೂಸ್‌ನಲ್ಲಿದೆ. ಲಿಟಲ್ ರಿಚರ್ಡ್, ಚಕ್ ಬೆರಿ, ಫ್ಯಾಟ್ಸ್ ಡಾಮಿನೊ ಅವರಂಥವರ ಹಾಡುಗಳು ಈ ಕಾರ್ಯಕ್ರಮಗಳ ಜೀವಾಳ. ಆದರೆ ಆ ಹಾಡಿಗೆ ಕುಣಿಯುವ ಅಂಕಣಕ್ಕೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ‘ಬಿಳಿಯರಿಗೆ ಮಾತ್ರ’ ಎಂಬ ಫಲಕವನ್ನು ಯಾರೂ ತೂಗುಹಾಕಲಿಲ್ಲ. ಮುಂಚಿತವಾಗಿ ಪತ್ರ ಬರೆದು ಟಿಕೆಟ್ ಪಡೆಯಬೇಕು, ಸಮಿತಿಯವರು ಒಪ್ಪಬೇಕು, ಉಡುಪಿನ ನಿಯಮ ಪಾಲಿಸಬೇಕು ಎಂಬ ಸಭ್ಯ ಕಾಯಿದೆಗಳೇ ಆ ಕೆಲಸ ಮಾಡಿದವು. ಕೆಲವು ಕಪ್ಪು ಹುಡುಗರು ಐರಿಷ್, ಇಟಾಲಿಯನ್, ಪೋಲಿಷ್ ಮನೆತನಗಳ ಹೆಸರು ಬರೆದು ಟಿಕೆಟ್ ತರಿಸಿಕೊಂಡು ಈ ಕಟ್ಟನ್ನು ಮುರಿಯಲು ನೋಡಿದರು.

ನ್ಯೂಯಾರ್ಕಿನ ಡಿಸ್ಕ್ ಜಾಕಿ ಅಲನ್ ಫ್ರೀಡ್ 1957ರಲ್ಲಿ ಎಬಿಸಿಯಲ್ಲಿ ‘ದಿ ಬಿಗ್ ಬೀಟ್’ ಆರಂಭಿಸಿದರು. ಅದರಲ್ಲಿ ಕಪ್ಪುವರ್ಣೀಯ ಗಾಯಕ ಫ್ರಾಂಕಿ ಲೈಮನ್ ಬಿಳಿಯ ಹುಡುಗಿಯೊಬ್ಬಳ ಜೊತೆ ಕುಣಿದದ್ದು ತೆರೆಯ ಮೇಲೆ ಕಂಡಿತು. ದಕ್ಷಿಣ ರಾಜ್ಯಗಳ ಕೇಂದ್ರಗಳು ಕೆರಳಿದವು, ಕಾರ್ಯಕ್ರಮ ನಿಂತಿತು. ಅಂದಿನ ವಾತಾವರಣ ಎಂಥದಿತ್ತೆಂದು ತಿಳಿಯಲು ಇಷ್ಟು ಸಾಕು.

ಬಾಗಿಲು ಮುಚ್ಚಿದ ಕಡೆ ಕಪ್ಪುವರ್ಣೀಯರು ತಮ್ಮದೇ ಅಂಕಣ ಕಟ್ಟಿಕೊಂಡರು. ಡೆಲಾವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಮಿಚ್ ಥಾಮಸ್ ಎಂಬ ಕಪ್ಪುವರ್ಣೀಯ ಡಿಸ್ಕ್ ಜಾಕಿ 1955ರ ಆಗಸ್ಟ್‌ನಲ್ಲಿ ಡಬ್ಲ್ಯುಪಿಎಫ್‌ಎಚ್ ಕೇಂದ್ರದಿಂದ ತಮ್ಮ ಕಾರ್ಯಕ್ರಮ ಆರಂಭಿಸಿದರು. ಅಲ್ಲಿ ಕುಣಿದವರು ಕಪ್ಪು ಮಕ್ಕಳು. ಕೇಂದ್ರದ ಅಲೆಗಳು ಫಿಲಡೆಲ್ಫಿಯಾಕ್ಕೂ ಮುಟ್ಟುತ್ತಿದ್ದವು. ಬ್ಯಾಂಡ್‌ಸ್ಟ್ಯಾಂಡ್‌ನ ಬಿಳಿಯ ಹುಡುಗ ಹುಡುಗಿಯರು ಥಾಮಸ್ ಕಾರ್ಯಕ್ರಮ ನೋಡಿ ‘ಸ್ಟ್ರೋಲ್’ ಕುಣಿತ ಕಲಿತು, ತಮ್ಮ ಕಾರ್ಯಕ್ರಮದಲ್ಲಿ ಕುಣಿದರು; ದೇಶ ಅದನ್ನು ಅವರದೇ ಎಂದು ತಿಳಿಯಿತು. ಹೆಜ್ಜೆಗಳು ಬಣ್ಣದ ಗೆರೆ ದಾಟಿದವು, ಹೆಜ್ಜೆ ಹುಟ್ಟಿಸಿದವರು ದಾಟಲಾಗಲಿಲ್ಲ. ಥಾಮಸ್ ಅವರ ಕಾರ್ಯಕ್ರಮ 1958ರಲ್ಲಿ ನಿಂತಿತು.

ಅದೇ ವರ್ಷ ಉತ್ತರ ಕೆರೊಲಿನಾದ ರಾಲಿ ನಗರದಲ್ಲಿ ಜೆ.ಡಿ. ಲೂಯಿಸ್ ಅವರ ‘ಟೀನೇಜ್ ಫ್ರಾಲಿಕ್ಸ್’ ಆರಂಭವಾಯಿತು. ವರ್ಣಭೇದ ಕಾನೂನೇ ಆಗಿದ್ದ ದಕ್ಷಿಣದ ನೆಲದಲ್ಲಿ ಕಪ್ಪು ಮಕ್ಕಳ ಕಾರ್ಯಕ್ರಮವೊಂದು ಎರಡು ದಶಕಕ್ಕೂ ಮೇಲೆ ಬಾಳಿತು. ವಾಷಿಂಗ್ಟನ್‌ನಲ್ಲಿ ಮಿಲ್ಟ್ ಗ್ರಾಂಟ್ ಕಾರ್ಯಕ್ರಮ ಕಪ್ಪು ಮಕ್ಕಳಿಗೆಂದು ಮಂಗಳವಾರವನ್ನು ಬೇರೆ ಮಾಡಿತ್ತು. 1963ರಲ್ಲಿ ಅದೇ ನಗರದ ಡಬ್ಲ್ಯುಒಒಕೆ ಕೇಂದ್ರ ‘ಟೀನರಾಮ ಡ್ಯಾನ್ಸ್ ಪಾರ್ಟಿ’ ಶುರುಮಾಡಿದಾಗ ಅಂಥ ಮೀಸಲು ದಿನದ ಅಗತ್ಯವೇ ಇಲ್ಲವಾಯಿತು. ಏಕೆಂದರೆ ಆ ಕೇಂದ್ರ ಇದ್ದದ್ದೇ ಕಪ್ಪುವರ್ಣೀಯ ಪ್ರೇಕ್ಷಕರಿಗಾಗಿ. ಆದರೆ ಅದು ಯುಎಚ್ಎಫ್ ಎಂಬ ಅಧಿಕ ಆವರ್ತನದ ಅಲೆಯಲ್ಲಿತ್ತು. ಹಳೆಯ ಸೆಟ್ಟುಗಳಲ್ಲಿ ಅದು ಸಿಗಬೇಕಾದರೆ ಬೇರೆ ಸಲಕರಣೆ ಕೊಳ್ಳಬೇಕಿತ್ತು. 1962ರ ಕಾಯಿದೆಯಂತೆ 1964ರಿಂದ ಹೊಸ ಸೆಟ್ಟುಗಳಲ್ಲೆಲ್ಲ ಯುಎಚ್ಎಫ್ ಕಡ್ಡಾಯವಾದ ಮೇಲೆ ಇಂಥ ಸಣ್ಣ ಕೇಂದ್ರಗಳಿಗೆ ದಾರಿ ತುಸು ಸಲೀಸಾಯಿತು.

ಬಾಲ್ಟಿಮೋರ್, 1963

ಬಾಲ್ಟಿಮೋರ್‌ನ ಡಬ್ಲ್ಯುಜೆಝಡ್ ಕೇಂದ್ರದ ‘ಬಡ್ಡಿ ಡೀನ್ ಶೋ’ 1957ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ವಾರಕ್ಕೆ ಆರು ದಿನ ಬರುತ್ತಿತ್ತು. ಊರಿನವರ ಪ್ರೀತಿ ಎಷ್ಟಿತ್ತೆಂದರೆ ಎಬಿಸಿಗೆ ಸೇರಿದ ಕೇಂದ್ರವಾದರೂ ಅದು ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಬಿಟ್ಟು ಡೀನ್ ಅವರ ಕಾರ್ಯಕ್ರಮವನ್ನೇ ಹಾಕುತ್ತಿತ್ತು. ‘ಮ್ಯಾಡಿಸನ್’ ಎಂಬ ಸಾಲು ಕುಣಿತ ಇಲ್ಲಿಂದ ಹಬ್ಬಿತು. ಅದರ ಹೆಜ್ಜೆಗಳನ್ನು ಕೂಗಿ ಹೇಳುವ ರೆಕಾರ್ಡಿಗೆ ದನಿ ಕೊಟ್ಟ ಎಡ್ಡಿ ಮಾರಿಸನ್ ಬಾಲ್ಟಿಮೋರ್‌ನ ಡಿಸ್ಕ್ ಜಾಕಿ. ಇಲ್ಲಿಯೂ ಕುಣಿಯುವವರು ಬಿಳಿಯರು. ಕಪ್ಪು ಮಕ್ಕಳಿಗೆ ತಿಂಗಳಿಗೊಂದು ಸೋಮವಾರ.

1963ರ ಆಗಸ್ಟ್ 12ರಂದು, ಕಪ್ಪು ಮಕ್ಕಳ ಮೀಸಲು ದಿನ, ನೇರ ಪ್ರಸಾರ ನಡೆಯುತ್ತಿದ್ದಾಗ ಬಿಳಿಯ ಯುವಕ ಯುವತಿಯರ ಗುಂಪೊಂದು ಅಂಕಣಕ್ಕೆ ನುಗ್ಗಿತು. ಕಪ್ಪು ಮಕ್ಕಳ ಜೊತೆ ಕೈಹಿಡಿದು ಕುಣಿಯಿತು. ವರ್ಣಭೇದದ ವಿರುದ್ಧ ದುಡಿಯುತ್ತಿದ್ದವರು ಮೊದಲೇ ಯೋಚಿಸಿ ಮಾಡಿದ ಪ್ರತಿಭಟನೆ ಅದು. ಬಾಂಬ್ ಬೆದರಿಕೆಗಳು, ಬೈಗುಳದ ಕರೆಗಳು ಕೇಂದ್ರಕ್ಕೆ ಬಂದವು. ಒಟ್ಟಿಗೆ ಕುಣಿಯಬೇಕೆಂಬ ಬೇಡಿಕೆ ಒಂದೆಡೆ, ಕೂಡದೆಂಬ ಹೆತ್ತವರ ಹಟ ಇನ್ನೊಂದೆಡೆ. ನಡುವೆ ಸಿಕ್ಕ ಕೇಂದ್ರ ಕಾರ್ಯಕ್ರಮವನ್ನೇ ಕೈಬಿಟ್ಟಿತು. 1964ರ ಜನವರಿ 4 ಅದರ ಕೊನೆಯ ದಿನ. ಇಡೀ ಊರು ಒಂದಾಗಿ ಕುಣಿಯುವುದಕ್ಕಿಂತ ಯಾರೂ ಕುಣಿಯದಿರುವುದೇ ಮೇಲೆಂದು ತೀರ್ಮಾನವಾದ ಈ ಘಟನೆ ಅಮೆರಿಕದ ಟಿ.ವಿ. ಚರಿತ್ರೆಯ ನೋವಿನ ಪುಟಗಳಲ್ಲೊಂದು.

ಬೀಟಲ್ಸ್ ನಂತರ

1960ರ ಸಂಸತ್ ವಿಚಾರಣೆಯಲ್ಲಿ ರೆಕಾರ್ಡು ಕಂಪನಿಗಳು ಡಿಸ್ಕ್ ಜಾಕಿಗಳಿಗೆ ಲಂಚ ಕೊಡುತ್ತಿದ್ದದ್ದು ಬಯಲಾಯಿತು. ಅಲನ್ ಫ್ರೀಡ್ ಅವರ ವೃತ್ತಿಜೀವನ ಅಲ್ಲಿಗೆ ಮುಗಿಯಿತು. ಡಿಕ್ ಕ್ಲಾರ್ಕ್ ಸಂಗೀತ ವ್ಯವಹಾರದ ತಮ್ಮ ಪಾಲುಗಳನ್ನು ಬಿಟ್ಟುಕೊಟ್ಟು ಉಳಿದುಕೊಂಡರು. 1964ರಲ್ಲಿ ಅವರ ಕಾರ್ಯಕ್ರಮ ಲಾಸ್ ಏಂಜಲಿಸ್‌ಗೆ ಹೋಯಿತು. ಅಷ್ಟರಲ್ಲಿ ಬೀಟಲ್ಸ್ ಅಲೆ ಎದ್ದು, ಊರೂರಿನ ಹುಡುಗರು ಗ್ಯಾರೇಜುಗಳಲ್ಲಿ ತಂಡ ಕಟ್ಟತೊಡಗಿದ್ದರು. ರೆಕಾರ್ಡಿಗೆ ಕುಣಿಯುವ ಕಾರ್ಯಕ್ರಮಗಳ ಜೊತೆಗೆ ತಂಡಗಳು ಬಂದು ನುಡಿಸುವ ಕಾರ್ಯಕ್ರಮಗಳು ಬಂದವು.

ನ್ಯಾಶ್‌ವಿಲ್‌ನ ಡಬ್ಲ್ಯುಎಲ್‌ಎಸಿ ಕೇಂದ್ರದ ‘ನೈಟ್ ಟ್ರೇನ್’ ಅವುಗಳಲ್ಲಿ ಒಂದು. ನೋಬಲ್ ಬ್ಲ್ಯಾಕ್‌ವೆಲ್ ನಡೆಸಿಕೊಡುತ್ತಿದ್ದ ಈ ಕಾರ್ಯಕ್ರಮದ 1965ರ ಕಂತೊಂದರಲ್ಲಿ ಬಡ್ಡಿ ಮತ್ತು ಸ್ಟೇಸಿ ಎಂಬ ಜೋಡಿ ಹಾಡುತ್ತದೆ. ಅವರ ಹಿಂದಿನ ಸಾಲಿನಲ್ಲಿ ಎಡಗೈಯಲ್ಲಿ ಗಿಟಾರ್ ನುಡಿಸುತ್ತಿರುವ ತೆಳ್ಳನೆಯ ಯುವಕ ಜಿಮಿ ಹೆಂಡ್ರಿಕ್ಸ್. ಅವರು ಟಿ.ವಿ.ಯಲ್ಲಿ ಕಾಣಿಸಿಕೊಂಡ, ಈಗ ಸಿಗುವ ಅತ್ಯಂತ ಹಳೆಯ ದೃಶ್ಯ ಅದು. ಕ್ಲೀವ್‌ಲ್ಯಾಂಡ್‌ನ ಡಬ್ಲ್ಯುಇಡಬ್ಲ್ಯುಎಸ್ ಕೇಂದ್ರದ ‘ಅಪ್‌ಬೀಟ್’ 1964ರಿಂದ 1971ರವರೆಗೆ ನಡೆದು, ಬೇರೆ ಊರುಗಳಲ್ಲೂ ಪ್ರಸಾರವಾಯಿತು. ಗಾಯಕ ಓಟಿಸ್ ರೆಡ್ಡಿಂಗ್ 1967ರ ಡಿಸೆಂಬರ್ 9ರಂದು ಅಲ್ಲಿ ಹಾಡಿದರು. ಮರುದಿನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

1970ರ ಆಗಸ್ಟ್ 17ರಂದು ಶಿಕಾಗೊದ ಡಬ್ಲ್ಯುಸಿಐಯು ಎಂಬ ಸಣ್ಣ ಯುಎಚ್ಎಫ್ ಕೇಂದ್ರದಿಂದ ಡಾನ್ ಕಾರ್ನೀಲಿಯಸ್ ‘ಸೋಲ್ ಟ್ರೇನ್’ ಹೊರಡಿಸಿದರು. ಇಕ್ಕಟ್ಟಾದ ಸ್ಟುಡಿಯೊ, ಕಪ್ಪುಬಿಳುಪು ಚಿತ್ರ, ಶಾಲೆ ಬಿಟ್ಟ ಹೊತ್ತು. ಹದಿನೆಂಟು ವರ್ಷ ಹಿಂದಿನ ಫಿಲಡೆಲ್ಫಿಯಾ ಮಾದರಿಯೇ. ಆದರೆ ನಿರೂಪಕರೂ ನಿರ್ಮಾಪಕರೂ ನರ್ತಕರೂ ಈಗ ಕಪ್ಪುವರ್ಣೀಯರು. ಮರುವರ್ಷ ಅದು ಲಾಸ್ ಏಂಜಲಿಸ್‌ನಿಂದ ದೇಶಕ್ಕೆಲ್ಲ ಪ್ರಸಾರವಾಗತೊಡಗಿತು. ಮಿಚ್ ಥಾಮಸ್ ಅವರಿಗೆ ದಕ್ಕದ ರಾಷ್ಟ್ರೀಯ ತೆರೆ ಕಾರ್ನೀಲಿಯಸ್ ಅವರಿಗೆ ದಕ್ಕಿತು.

ಸ್ಥಳೀಯ ಕಾರ್ಯಕ್ರಮಗಳ ಕಾಲ ಅಲ್ಲಿಂದಾಚೆಗೆ ಬಹಳ ದಿನ ಉಳಿಯಲಿಲ್ಲ. ಮರುಪ್ರಸಾರದ ಧಾರಾವಾಹಿಗಳು, ಮಾತುಕತೆಯ ಕಾರ್ಯಕ್ರಮಗಳು ಮಧ್ಯಾಹ್ನದ ಹೊತ್ತನ್ನು ಸಿದ್ಧವಾಗಿ ತುಂಬಿಕೊಟ್ಟವು. ರಾಕ್ ಕೇಳುವವರು ಎಫ್‌ಎಂ ರೇಡಿಯೊ ಮತ್ತು ದೀರ್ಘ ರೆಕಾರ್ಡುಗಳ ಕಡೆ ಹೋದರು. 1981ರ ಆಗಸ್ಟ್ 1ರಂದು ಎಂಟಿವಿ ಬಂದಾಗ ಹಾಡನ್ನು ಕಾಣುವ ಕೆಲಸ ಪೂರ್ತಿ ದಿನದ ಕೇಬಲ್ ವಾಹಿನಿಗೆ ವರ್ಗವಾಯಿತು.

ಟೇಪಿಲ್ಲದ ಚರಿತ್ರೆ

ಇಷ್ಟೊಂದು ಕಾರ್ಯಕ್ರಮಗಳಲ್ಲಿ ಇಂದು ನೋಡಲು ಸಿಗುವುದು ಬಹಳ ಕಡಿಮೆ. ಬಹುಪಾಲು ನೇರ ಪ್ರಸಾರವಾಗಿ ಗಾಳಿಯಲ್ಲಿ ಕರಗಿಹೋದವು. 1956ರಲ್ಲಿ ಆಂಪೆಕ್ಸ್ ಕಂಪನಿ ವಿಡಿಯೊ ಟೇಪ್ ಯಂತ್ರ ತಂದರೂ ಅದರ ಬೆಲೆ ಸುಮಾರು 50 ಸಾವಿರ ಡಾಲರ್, ಟೇಪೂ ದುಬಾರಿ. ಒಂದು ಕಾರ್ಯಕ್ರಮದ ಮೇಲೆ ಇನ್ನೊಂದನ್ನು ಮುದ್ರಿಸುವುದೇ ರೂಢಿ. ಮಕ್ಕಳ ಕುಣಿತವನ್ನು ಕಾಪಿಡಬೇಕೆಂದು ಯಾರಿಗೂ ತೋಚಲಿಲ್ಲ. ಆದ್ದರಿಂದ ಈ ಚರಿತ್ರೆಗೆ ಮುಖ್ಯ ಆಕರ ನೋಡಿದವರ, ಕುಣಿದವರ ನೆನಪು.

ನೆನಪು ಹೇಗೆ ಉಳಿಸುತ್ತದೆ, ಏನನ್ನು ತಿದ್ದುತ್ತದೆ ಎಂಬುದನ್ನೂ ಇಲ್ಲಿಯೇ ಕಾಣಬಹುದು. ಬಡ್ಡಿ ಡೀನ್ ಶೋ ನೋಡುತ್ತ ಬೆಳೆದ ಬಾಲ್ಟಿಮೋರ್‌ನ ನಿರ್ದೇಶಕ ಜಾನ್ ವಾಟರ್ಸ್ 1985ರಲ್ಲಿ ಅದರ ಹಳೆಯ ನರ್ತಕರನ್ನು ಹುಡುಕಿ ಲೇಖನ ಬರೆದರು. ಅದರಿಂದ 1988ರ ‘ಹೇರ್‌ಸ್ಪ್ರೇ’ ಸಿನಿಮಾ ಹುಟ್ಟಿತು. 2002ರಲ್ಲಿ ಬ್ರಾಡ್‌ವೇ ಸಂಗೀತನಾಟಕವಾಯಿತು. ಅದರ ಕೊನೆಯಲ್ಲಿ ಕಪ್ಪು ಬಿಳಿ ಮಕ್ಕಳು ಒಂದೇ ಅಂಕಣದಲ್ಲಿ ಕುಣಿಯುತ್ತಾರೆ. ನಿಜದ ಬಾಲ್ಟಿಮೋರ್‌ನಲ್ಲಿ ಅಂಕಣವೇ ಮುಚ್ಚಿತ್ತು. ನಡೆಯಬೇಕಾಗಿದ್ದದ್ದನ್ನು ಕಲೆ ನಡೆಸಿಕೊಟ್ಟಿತು.

ತಾವು ಬಂದ ಮೇಲೆ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ವರ್ಣಭೇದ ಅಳಿಯಿತೆಂದು ಡಿಕ್ ಕ್ಲಾರ್ಕ್ ಮುಂದಿನ ವರ್ಷಗಳಲ್ಲಿ ಹೇಳುತ್ತಿದ್ದರು. ಇತಿಹಾಸಕಾರ ಮ್ಯಾಥ್ಯೂ ಡೆಲ್ಮಂಟ್ ಫಿಲಡೆಲ್ಫಿಯಾದ ಕಪ್ಪುವರ್ಣೀಯರನ್ನು ಮಾತನಾಡಿಸಿ, ಅವರ ಪತ್ರಿಕೆಗಳನ್ನು ತಿರುವಿಹಾಕಿ 2012ರಲ್ಲಿ ಪ್ರಕಟಿಸಿದ ಪುಸ್ತಕ ಬೇರೆಯದನ್ನೇ ತೋರಿಸಿತು: ಕಾರ್ಯಕ್ರಮ ಆ ಊರಲ್ಲಿದ್ದಷ್ಟು ಕಾಲವೂ ಕಪ್ಪು ಮಕ್ಕಳನ್ನು ಹೊರಗಿಡಲಾಗಿತ್ತು. ವಾಷಿಂಗ್ಟನ್‌ನ ‘ಟೀನರಾಮ’ದ ನೆನಪುಗಳನ್ನು ಬೆವರ್ಲಿ ಲಿಂಡ್ಸೆ-ಜಾನ್ಸನ್ ಸಾಕ್ಷ್ಯಚಿತ್ರವಾಗಿ ಒಟ್ಟುಗೂಡಿಸಿದರು.

ಒಬ್ಬರ ನೆನಪಿನಲ್ಲಿ ಶಾಲೆ ಬಿಟ್ಟ ಹೊತ್ತಿನ ಸಂಭ್ರಮ, ಇನ್ನೊಬ್ಬರ ನೆನಪಿನಲ್ಲಿ ತೆರೆಯದ ಬಾಗಿಲು. ಎರಡೂ ಒಂದೇ ಕಾರ್ಯಕ್ರಮದ, ಒಂದೇ ಮಧ್ಯಾಹ್ನದ ನಿಜ. ರಾಕ್ ಅನ್ನು ಮನೆಮನೆಗೆ ಮುಟ್ಟಿಸಿದ ಶ್ರೇಯಸ್ಸು ಸ್ಥಳೀಯ ಟಿ.ವಿ.ಗೆ ಸಲ್ಲಬೇಕು. ಆ ಸಂಗೀತ ಕೊಟ್ಟವರ ಮಕ್ಕಳನ್ನು ಅಂಗಳದಲ್ಲೇ ನಿಲ್ಲಿಸಿದ ಹೊಣೆಯೂ ಅದಕ್ಕೇ ಸಲ್ಲುತ್ತದೆ.